ಬಾಲ್ಕನಿಯ ಜುನಿಪರ್

ಕಾಚಿಗುಡದ ನಮ್ಮ ಮನೆಗೆ ಮೊದಲ ಜುನಿಪರ್ ಬಂದದ್ದು ಕಳೆದ ವರ್ಷ ಸಂಕ್ರಾಂತಿಯ ಮರುದಿನ. ಗೇಣುದ್ದದ ಮರ; ಬಾಗಿದ ಕಾಂಡ, ಒಂದೇ ಬದಿಗೆ ಚಾಚಿದ ಕೊಂಬೆ, ನೀಲಿ ಬೆರೆತ ಹಸಿರು. ನರ್ಸರಿಯಾತ ಅದನ್ನು ಚಪ್ಪಟೆಯಾದ ಪಿಂಗಾಣಿ ಕುಂಡದಲ್ಲಿರಿಸಿ, ಮೇಲೆ ಬಿಳಿಯ ಹರಳುಗಳನ್ನು ಹರಡಿ ಕೊಟ್ಟಿದ್ದ. ಅದಕ್ಕೆ ಕೆಲವೇ ದಿನ ಮೊದಲು ನಾವು ದಂಪತಿಗಳು ಹಿರೋಶಿಮಾದ ಒಂದು ಪೈನ್ ಮರದ ಕಥೆಯನ್ನು ಓದಿದ್ದೆವು. 1625ರಿಂದ ಕುಂಡದಲ್ಲಿಯೇ ಬಾಳುತ್ತ, 1945ರ ಅಣುಬಾಂಬಿನ ದಿನ ಯಾಮಾಕಿ ಕುಟುಂಬದ ಅಂಗಳದ ಗೋಡೆಯ ಮರೆಯಲ್ಲಿ ಉಳಿದು, 1976ರಲ್ಲಿ ಅಮೆರಿಕಕ್ಕೆ ಕಾಣಿಕೆಯಾಗಿ ಹೋದ ಬೋನ್ಸಾಯ್ ಅದು. ತಲೆಮಾರುಗಳು ಸರದಿಯಂತೆ ನೀರುಣಿಸಿದ ಮರ! ನಮ್ಮದು ಎರಡು ತಿಂಗಳೂ ಬಾಳಲಿಲ್ಲ.

ಅಂದವಾದ ವಸ್ತುವೆಂದು ಅದನ್ನು ನಡುಮನೆಯ ಕಪಾಟಿನ ಮೇಲಿಟ್ಟೆವು. ದಿನಬೆಳಗಾದರೆ ಸಂಧ್ಯಾವಂದನೆಯಷ್ಟೇ ಶ್ರದ್ಧೆಯಿಂದ ಒಂದು ಲೋಟ ನೀರು. ಚಿಗುರಿನ ತುದಿಗಳನ್ನು ಕತ್ತರಿಯಿಂದ ಸವರಿ ಆಕಾರವನ್ನೂ ತಿದ್ದಿದೆವು. ಮರ ಹಸಿರಾಗಿಯೇ ಇತ್ತು. ಬಂದ ನೆಂಟರೆಲ್ಲ ಹೊಗಳಿದರು; ನಾವು ಹಿಗ್ಗಿದೆವು.

ಅವ್ವ ಎಂಬತ್ತನ್ನು ದಾಟಿದವಳು. ಕಲಬುರಗಿ ಸೀಮೆಯ ಹಳ್ಳಿಯಿಂದ ಐದು ವರ್ಷದ ಕೆಳಗೆ ಅವಳನ್ನು ನಾವೇ ಕರೆತಂದೆವು. ಗ್ಲಾಕೋಮಾದಿಂದ ದೃಷ್ಟಿ ಬಹುಪಾಲು ಹೋಗಿದೆ. ಬೆಳಕು, ನೆರಳು ಮಾತ್ರ ತಿಳಿಯುತ್ತವೆ. ಮಾರ್ಚಿಯ ಒಂದು ಬೆಳಿಗ್ಗೆ ಕಪಾಟಿನ ಅಂಚನ್ನು ಹಿಡಿದು ನಡೆಯುವಾಗ ಅವಳ ಕೈ ಜುನಿಪರಿಗೆ ತಾಗಿತು. ನಿಂತಳು. ಎಲೆಗಳನ್ನು ಎರಡು ಬೆರಳ ನಡುವೆ ತೀಡಿದಳು.

“ಇದು ಗರಗರ ಅಂತದ. ಜೀವ ಹೋಗಿ ಭಾಳ ದಿನ ಆಗ್ಯಾವ. ಇನ್ನೂ ಯಾಕ ನೀರು ಹಾಕ್ತೀರಿ?”

ನಾವು ನಂಬಲಿಲ್ಲ. ಹಸಿರು ಕಣ್ಣೆದುರಿಗೇ ಇತ್ತಲ್ಲ! ಸಂಶಯಕ್ಕೆ ಉಗುರಿನಿಂದ ತೊಗಟೆಯನ್ನು ಕೊಂಚ ಕೆರೆದೆವು. ಜೀವವಿರುವ ಕೊಂಬೆಯಾದರೆ ಒಳಗೆ ಹಸಿಯಾದ ಹಸಿರು ಪೊರೆ ಕಾಣಬೇಕು. ಕಂಡದ್ದು ಒಣಗಿದ ಕಂದು. ಹರಳುಗಳನ್ನು ತೆಗೆಯಹೋದರೆ ಅವು ಅಂಟಿನಿಂದ ಒಂದಕ್ಕೊಂದು ಬಿಗಿದಿದ್ದವು. ನಾವು ಸುರಿದ ನೀರು ಆ ಹಲಗೆಯ ಮೇಲಿನಿಂದ ಜಾರಿ ಅಂಚಿನಲ್ಲಿ ಇಳಿದುಹೋಗುತ್ತಿತ್ತು. ಬೇರಿನ ಗಡ್ಡೆಯ ನಡುವೆ ಮಣ್ಣು ಒಲೆಯ ಬೂದಿಯಂತೆ ಒಣಗಿತ್ತು.

ಜುನಿಪರಿನ ಗುಣವೇ ಅದು ಎಂದು ಆಮೇಲೆ ತಿಳಿಯಿತು. ಬೇರು ಸತ್ತ ಮೇಲೂ ವಾರಗಟ್ಟಲೆ ಎಲೆ ಹಸಿರಾಗಿರುತ್ತದೆ. ಬಣ್ಣ ಮಾಸುವ ವೇಳೆಗೆ ಮಾಡುವುದೇನೂ ಉಳಿದಿರುವುದಿಲ್ಲ. ದಾಸವಾಳವಾಗಲಿ ತುಳಸಿಯಾಗಲಿ ಬಾಯಾರಿದರೆ ತಲೆಬಾಗಿಸಿ ಕೇಳುತ್ತವೆ. ಇದು ಕೇಳುವುದಿಲ್ಲ. ಹಿಮಾಲಯದ ಎತ್ತರದಲ್ಲಿ, ಚಳಿಗಾಳಿ ಮತ್ತು ನೇರ ಬಿಸಿಲಿನಲ್ಲಿ ಬೆಳೆಯುವ ಕುಲ. ಲಡಾಖಿನವರು ಇದೇ ಕುಲದ ಮರವನ್ನು ಶುಕ್ಪಾ ಎಂದು ಕರೆದು ಧೂಪಕ್ಕೆ ಬಳಸುತ್ತಾರೆ. ಚಳಿಗಾಲದ ವಿಶ್ರಾಂತಿ ಅದಕ್ಕೆ ಬೇಕು. ಹೈದರಾಬಾದಿನ ಚಳಿಯೋ, ಹದಿನೈದು ಡಿಗ್ರಿಗೇ ನಾವೆಲ್ಲ ಸ್ವೆಟರ್ ತೊಡುವಂಥದ್ದು. ಈ ಊರಿಗೆ ಗೋಳಿ, ಅತ್ತಿ, ಹುಣಸೆ, ಬೋಗನ್‌ವಿಲ್ಲಾ ತಕ್ಕವು. ಬಲ್ಲವರು ಹೇಳುವುದೂ ಇದನ್ನೇ, ನಾವು ಅಲ್ಲಗಳೆಯುವುದಿಲ್ಲ. ಆದರೂ ಶ್ರಾವಣದಲ್ಲಿ ಮತ್ತೊಂದು ಜುನಿಪರನ್ನೇ ತಂದೆವು. ಹಟ ಎನ್ನಿ.

ಈ ಸಲ ಅದು ಮನೆಯೊಳಗೆ ಕಾಲಿಡಲಿಲ್ಲ. ಮೂಡಣ ಬಾಲ್ಕನಿಯಲ್ಲಿ ಎರಡು ಇಟ್ಟಿಗೆಗಳ ಮೇಲೆ, ಗಾಳಿಯಾಡುವಂತೆ ಇರಿಸಿದ್ದೇವೆ. ಕತ್ತರಿ ಮುಟ್ಟಿಲ್ಲ, ಹೊಸ ಜಾಗದಲ್ಲಿ ಎಲೆಯೇ ಅದರ ಬಂಡವಾಳ. ಮಣ್ಣು ಬದಲಿಸುವ ಆತುರವನ್ನೂ ತಡೆದಿದ್ದೇವೆ. ನೀರಿಗೆ ಗಡಿಯಾರದ ಲೆಕ್ಕವಿಲ್ಲ: ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ, ತೇವ ಆರುತ್ತ ಬಂದಿದ್ದರೆ ಮಾತ್ರ ಕೆಳಗಿನ ತೂತುಗಳಿಂದ ಹರಿಯುವಷ್ಟು ನೀರು.

ಆ ಬೆರಳು ಅವ್ವನದು. ಬೆಳಗಿನ ಚಹಾ ಆದೊಡನೆ ಕೈಹಿಡಿದು ಬಾಲ್ಕನಿಗೆ ಕರೆದೊಯ್ಯುತ್ತೇವೆ. “ಇವತ್ತ ಬ್ಯಾಡ” ಅಥವಾ “ಹಾಕ್ರಿ” ಎನ್ನುತ್ತಾಳೆ. ಹೀಗೆ ದಿನವೂ ಕೈಹಿಡಿಯತೊಡಗಿದ ಮೇಲೆಯೇ ಅವಳ ಮುಂಗೈ ಎಷ್ಟು ಸಣಕಲಾಗಿದೆಯೆಂಬುದು ನಮಗೆ ತಿಳಿದದ್ದು. ಮೂರನೆಯ ಮಹಡಿಯ ಈ ಮನೆಯಲ್ಲಿ “ಹೆಂಗದೀ ಅವ್ವಾ” ಎಂದು ಕೇಳಿದಾಗಲೆಲ್ಲ “ಆರಾಮ ಅದೀನಿ” ಎನ್ನುತ್ತಿದ್ದಳು. ನಾವು ಹಾಗೆಯೇ ಕೇಳಿ ಹಾಗೆಯೇ ಆಫೀಸಿಗೆ ಹೊರಡುತ್ತಿದ್ದೆವು. ತಟ್ಟೆಯಲ್ಲಿ ಅರ್ಧ ಜೋಳದ ರೊಟ್ಟಿ ಉಳಿಯುತ್ತಿದ್ದುದನ್ನು ಯಾರೂ ಎಣಿಸಿರಲಿಲ್ಲ. ವೈದ್ಯರಲ್ಲಿಗೆ ಕರೆದೊಯ್ದದ್ದು ಆಮೇಲೆ. ರಕ್ತ ಕಡಿಮೆಯಾಗಿತ್ತು, ಔಷಧಿ ನಡೆದಿದೆ.

ಈಗ ಚೈತ್ರ. ಹೊಸ ಮರಕ್ಕೆ ನಮ್ಮ ಮನೆಯಲ್ಲಿ ಇದು ಮೊದಲ ಬೇಸಿಗೆ. ಮೇ ತಿಂಗಳ ನಲವತ್ತು ಡಿಗ್ರಿ ಇನ್ನೂ ಮುಂದಿದೆ. ನೆರಳಿಗೆಂದು ಹಸಿರು ಬಲೆ ಕಟ್ಟಿದ್ದೇವೆ. ಒಂದು ಕೊಂಬೆಯ ತುದಿ ಕೊಂಚ ಮಂಕಾದಂತೆ ನಮಗೆ ತೋರುತ್ತದೆ. ನಿನ್ನೆ ಅವ್ವ ಅದನ್ನು ಬಹಳ ಹೊತ್ತು ತೀಡಿ ನೋಡಿದಳು.

“ಮೆತ್ತಗದ,” ಎಂದಳು. ಆಮೇಲೆ ಮಣ್ಣಿನಿಂದ ಬೆರಳು ತೆಗೆದು ಸೆರಗಿಗೆ ಒರೆಸಿಕೊಳ್ಳುತ್ತ, “ನಾಳೆ ಮತ್ತ ನೋಡೋಣು.”