ಸಂಚಿ ಹಿಡಿದವಳು

ಪ್ಯಾರಿಸ್ಸಿನ ಮದಾಂ ದ ಸ್ತಾಲ್ ಎಂಬಾಕೆಯ ಮನೆಯಲ್ಲಿ ಕವಿಗಳೂ ರಾಜಕಾರಣಿಗಳೂ ಕೂಡುತ್ತಿದ್ದರಂತೆ. ಆಕೆಯ ಮಾತಿಗೆ ಬೆದರಿದ ನೆಪೋಲಿಯನ್ 1803ರಲ್ಲಿ ಆಕೆಯನ್ನು ಊರಾಚೆ ಅಟ್ಟಿದ. ಇದನ್ನೋದಿದಾಗ ಗುಂಡ್ಲುಪೇಟೆಯವರಾದ ನಮಗೆ ನೆನಪಾದದ್ದು ಯಳಂದೂರಿನ ದೇವಾಜಮ್ಮಣ್ಣಿ, ಚಿಕ್ಕದೇವರಾಜ ಒಡೆಯರ ರಾಣಿ. ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮನ ಕೈಯಲ್ಲಿ ಕಾವ್ಯ ಬರೆಸಿದವಳು. ಬರೆಸಿದ್ದೇನು? 'ಹದಿಬದೆಯ ಧರ್ಮ', ಗಂಡನ ಸೇವೆಯ ಪಾಠ! ಹೊನ್ನಮ್ಮ ಸುಮ್ಮನಿರುವವಳಲ್ಲ. ಪಾಠದ ನಡುವೆಯೇ, ಹೆಣ್ಣನ್ನು ಕೀಳು ಮಾಡುವವರನ್ನು ಕುರುಡರೆಂದು ಬೈದುಬಿಟ್ಟಳು.

ಶಾಲೆಯಲ್ಲಿ ಕಲಿತ ಆ ಪದ್ಯವನ್ನು ನಾವು ಮನೆಯಲ್ಲಿ ಒದರುತ್ತಿದ್ದರೆ, ನಮ್ಮವ್ವ ಸೊಂಟದ ಸಂಚಿ ಬಿಚ್ಚುತ್ತಾ, "ಆವಮ್ಮನ್ನ ಒಳಕ್ ಬುಟ್ಕಂಡ್ರಲ್ಲಾ, ಅದೇ ದೊಡ್ದು ಕನ ಮಗಾ. ನಮ್ಮನ್ನ ಜಗ್ಲಿ ಹತ್ತಿಸ್ತಾರಾ?" ಅಂದಿದ್ದಳು.

ಅಪ್ಪನ ನೆನಪಿಗೆ ನಮ್ಮೂರಲ್ಲಿ ಪರವಾಸುದೇವನ ಗುಡಿ ಕಟ್ಟಿಸಿದವರೂ ಅದೇ ಒಡೆಯರು. ಅವರ ಕಂದಾಯದ ವಿರುದ್ಧ ರೈತರು ತಿರುಗಿಬಿದ್ದಾಗ ನಂಜನಗೂಡಿನಲ್ಲಿ ನಾನೂರು ಜಂಗಮರ ತಲೆ ಉರುಳಿಸಿದರೆಂದು ವಿಲ್ಕ್ಸ್ ಬರೆದಿದ್ದಾನೆ. ಹೊನ್ನಮ್ಮನ ಕಾವ್ಯದಲ್ಲಿ ಆ ಸುದ್ದಿಯಿಲ್ಲ. ಅರಮನೆಯ ಅನ್ನ ಉಂಡವಳು, ಏನು ಮಾಡಿಯಾಳು ಅಂತ ನಾವು ಆಗಾಗ ಅವಳ ಪರ ವಾದ ಮಾಡಿದ್ದುಂಟು.

ಮುಂದೊಮ್ಮೆ ಚಾಮರಾಜನಗರದ ದೊಡ್ಡಮನೆ ಅಮ್ಮಾವರೊಬ್ಬರು ತಮ್ಮ ಪಡಸಾಲೆಯಲ್ಲಿ ಕವಿಗೋಷ್ಠಿ ಇಟ್ಟರು. ಎಮ್ಮೆಲ್ಲೆಯೂ ಬಂದಿದ್ದರು. ನಮಗೂ ಕರೆ ಬಂತು, ಕುರ್ಚಿ ಸಿಕ್ಕಿತು. ಹೊಲಗೇರಿಯ ಪದ್ಯವನ್ನೇ ಓದಿದೆವು. ಚಪ್ಪಾಳೆ ತಟ್ಟಿದರು. ಜೊತೆಗೆ ಬಂದಿದ್ದ ಅವ್ವ ಜಗುಲಿಯ ಕೆಳಗೇ ನಿಂತು ಎಲೆಅಡಿಕೆ ಅಗಿಯುತ್ತಾ ಕೇಳಿಸಿಕೊಂಡಳು. ಒಳಕ್ಕೆ ಬಾರವ್ವಾ ಅಂತ ಯಾರೂ ಕರೆಯಲಿಲ್ಲ.

ನಾವೂ ಕರೆಯಲಿಲ್ಲ.