ಮಂಗಳವಾರ ಹನ್ನೊಂದು ಗಂಟೆ

ಪಿಎಚ್.ಡಿ.ಗೆ ಹೆಸರು ಬರೆಸಿದವರ ವಾರದಲ್ಲಿ ಓದು, ಪಾಠ, ಸಂಬಳವಿಲ್ಲದ ಒಂದಿಷ್ಟು ಸೇವೆ, ನಿದ್ದೆ ಎಂಬ ನಾಲ್ಕು ಬಾಬತ್ತುಗಳಿರುತ್ತವೆ. ಇಪ್ಪತ್ತು ವರ್ಷದ ಹಿಂದೆ ಜಯನಗರದಲ್ಲಿದ್ದುಕೊಂಡು ನಾನು ಈ ನಾಲ್ಕನ್ನೂ ಹೊತ್ತಿದ್ದೆ. ಈಗ ನನ್ನ ಹತ್ತಿರ ಸಂಶೋಧನೆ ಮಾಡುವ ಹುಡುಗಿ ಬಿ.ಟಿ.ಎಂ. ಲೇಔಟಿನಲ್ಲಿದ್ದುಕೊಂಡು ಹೊರುತ್ತಿದ್ದಾಳೆ. ಆಗಿನ ಕಾಲ ನಿಧಾನವಾಗಿತ್ತು, ಅದಕ್ಕೇ ಚೆನ್ನಾಗಿತ್ತು ಎನ್ನುವವರ ಸಾಲಿಗೆ ನಾನು ಸೇರುವವಳಲ್ಲ. ನಿಧಾನ ಇತ್ತು, ನಿಜ. ಅದರಲ್ಲಿ ಅರ್ಧ ಕೈಯಲ್ಲಿ ಕಾಸಿಲ್ಲದ್ದರಿಂದ, ಇನ್ನರ್ಧ ಎಲ್ಲ ಬಾಗಿಲುಗಳೂ ಬೇಗ ಮುಚ್ಚುತ್ತಿದ್ದುದರಿಂದ.

ನನ್ನ ವಿಷಯ ಬೆಂಗಳೂರಿನ ಬಡಾವಣೆಗಳ ಇತಿಹಾಸ. 1945ರಲ್ಲಿ ಶುರುವಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು, 1948ರಲ್ಲಿ ಸಿ. ರಾಜಗೋಪಾಲಾಚಾರಿಯವರು ಅಡಿಗಲ್ಲು ಹಾಕಿದ ಜಯನಗರ, 1976ರಲ್ಲಿ ಬಿ.ಡಿ.ಎ. ಬಂದು ಆ ಬೋರ್ಡಿನ ಜಾಗ ಹಿಡಿದದ್ದು, ಇವೆಲ್ಲ ಅದರಲ್ಲಿ ಬರುತ್ತಿದ್ದವು. ಕಡತಗಳು ಬೇಕೆಂದರೆ ವಿಧಾನಸೌಧದ ನೆಲಮಹಡಿಯಲ್ಲಿದ್ದ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಹಳೆಯ ಪುಸ್ತಕ ಬೇಕೆಂದರೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೆ. ಎರಡೂ ಕಡೆ ಕಚೇರಿಯ ವೇಳೆ. ಸಂಜೆಯಾಗುತ್ತಿದ್ದಂತೆ ಕಡತ ಕಟ್ಟಿ ಒಳಗಿಡುತ್ತಿದ್ದರು. ಅರ್ಧ ಪುಟ ಬರೆದುಕೊಳ್ಳುವುದು ಬಾಕಿ ಇದ್ದರೂ ಏಳಲೇಬೇಕು. ಜಯನಗರದ ಸರ್ಕಾರಿ ಗ್ರಂಥಾಲಯಕ್ಕೆ ಸೋಮವಾರ ರಜೆ, ಎರಡನೇ ಮಂಗಳವಾರವೂ ರಜೆ. 4ನೇ ಟಿ ಬ್ಲಾಕಿನಲ್ಲಿದ್ದ ನಮ್ಮ ಲೇಡೀಸ್ ಪಿ.ಜಿ.ಯ ಗೇಟಿಗೆ ಒಂಬತ್ತಕ್ಕೆ ಬೀಗ, ಹತ್ತೂವರೆಗೆ ದೀಪ ಆರಿಸಬೇಕು. ಕರೆಂಟ್ ಬಿಲ್ಲಿನ ಚಿಂತೆ ಓನರ್ ಆಂಟಿಯದು. ಹೀಗೆ ನನ್ನ ವಿಶ್ರಾಂತಿಯ ವೇಳಾಪಟ್ಟಿಯನ್ನು ಬೇರೆ ಬೇರೆ ಜನ ತಮ್ಮ ತಮ್ಮ ಅನುಕೂಲಕ್ಕೆ ಬರೆದಿಟ್ಟಿದ್ದರು. ಅದರಲ್ಲಿ ನನ್ನ ಶಿಸ್ತಿನ ಪಾಲು ಏನೂ ಇರಲಿಲ್ಲ.

ಬೆಳಗ್ಗೆ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ. ಗಂಟೆಗಿಷ್ಟು ಎಂದು ಲೆಕ್ಕ, ಚೆಕ್ ಬರುತ್ತಿದ್ದುದು ಸೆಮಿಸ್ಟರ್ ಮುಗಿದ ಮೇಲೆ. ಅಲ್ಲಿಯವರೆಗೆ ಹೊಟ್ಟೆಪಾಡು ನಡೆದದ್ದು ಬನಶಂಕರಿ 2ನೇ ಹಂತದ ಒಂದು ಮನೆಯ ಎಸ್ಸೆಸ್ಸೆಲ್ಸಿ ಮಕ್ಕಳ ಮನೆಪಾಠದಿಂದ. ನೆಟ್ ಪಾಸಾಗಿದ್ದೆ, ಜೆ.ಆರ್.ಎಫ್. ಎಂಬ ಸಂಶೋಧನಾ ವೇತನ ಸಿಕ್ಕಿರಲಿಲ್ಲ. ಸಿಕ್ಕವರಿಗೆ ಆಗ ತಿಂಗಳಿಗೆ 8,000 ರೂಪಾಯಿ. 2007ರಲ್ಲಿ 12,000 ಆಯಿತು. ಆ ಹಣ ಇದ್ದವರು ಪತ್ರಾಗಾರದಲ್ಲಿ ದಿನವಿಡೀ ಕೂರಬಹುದಿತ್ತು. ಇಲ್ಲದವರು ಪಾಠ ಮುಗಿಸಿ, ಬಸ್ಸು ಹಿಡಿದು, ಊಟದ ವೇಳೆಗೆ ಅಲ್ಲಿ ಮುಟ್ಟುತ್ತಿದ್ದೆವು; ಕಡತ ತಂದುಕೊಡುವವರು ಊಟಕ್ಕೆ ಹೋಗಿರುತ್ತಿದ್ದರು.

ವಾರಾಂತ್ಯದ ಸೇವೆ ಎಂದರೆ ಅಂಧ ವಿದ್ಯಾರ್ಥಿಗಳಿಗೆ ಓದಿ ಹೇಳುವುದು. ದಕ್ಷಿಣ ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಹಳೆಯ ಬೇರಿದೆ. ಜೆ.ಪಿ. ನಗರ 3ನೇ ಹಂತದಲ್ಲಿ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಇದೆ, 1969ರಿಂದ ಇರುವ ಸಂಸ್ಥೆ. ಎಚ್.ಎಸ್.ಆರ್. ಲೇಔಟಿನ ಮಿತ್ರ ಜ್ಯೋತಿ ಪಠ್ಯಗಳನ್ನು ಧ್ವನಿಮುದ್ರಿಸಿ ಮಾತನಾಡುವ ಪುಸ್ತಕಗಳ ಗ್ರಂಥಾಲಯವನ್ನೇ ಕಟ್ಟಿದೆ. ನಾವು ಕೆಲವು ಗೆಳತಿಯರು ಬಿ.ಎ. ಓದುವ ಹುಡುಗರಿಗೆ ಕ್ಯಾಸೆಟ್ ಮಾಡಿಕೊಡುತ್ತಿದ್ದೆವು. ಒಂದು ಬದಿಗೆ ಮೂವತ್ತು ನಿಮಿಷ. ಪುಟ ತಿರುಗಿಸುವ ಸದ್ದು ಬರಬಾರದು, ಅಡಿಟಿಪ್ಪಣಿಯನ್ನು ಎಲ್ಲಿ ಓದಬೇಕು ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಎಲ್ಲಕ್ಕಿಂತ ಕಷ್ಟ ಭೂಪಟ. ವಿಜಯನಗರ ಸಾಮ್ರಾಜ್ಯದ ಎಲ್ಲೆಯನ್ನು ನದಿಗಳ ಹೆಸರು ಹಿಡಿದು ಬಾಯಲ್ಲೇ ಬರೆಯಬೇಕು. ಮಾರನೇ ದಿನ ತರಗತಿಯಲ್ಲಿ ಅದೇ ಪಾಠ ಮಾಡುವಾಗ ಬೋರ್ಡಿನ ಕಡೆ ತಿರುಗದೆ ಹೇಳಲು ಬರುತ್ತಿತ್ತು. ನನ್ನ ಪಾಠದಲ್ಲಿ ಒಳ್ಳೆಯದೇನಾದರೂ ಇದ್ದರೆ ಅದು ಬಂದದ್ದು ಈ ಕ್ಯಾಸೆಟ್ಟುಗಳಿಂದ.

ಉಳಿದ ವೇಳೆಯಲ್ಲಿ ಆರ್.ವಿ. ರಸ್ತೆ ಪಕ್ಕದ ಲಕ್ಷ್ಮಣ್ ರಾವ್ ಪಾರ್ಕಿನ ಬೆಂಚು. ಉದ್ದಕ್ಕೆ ಮರಗಳು, ಕೆಳಗೆ ಪೇಪರ್ ಓದುವ ನಿವೃತ್ತರು. ನಾನಲ್ಲಿ ಪುಸ್ತಕ ಒಯ್ಯುತ್ತಿರಲಿಲ್ಲ.

ಹಿರಿಯರು ಆಗ ನಮಗೆ ಎಚ್. ನರಸಿಂಹಯ್ಯನವರ ಉದಾಹರಣೆ ಕೊಡುತ್ತಿದ್ದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಪಾಠ, ಬೆಂಗಳೂರು ಸೈನ್ಸ್ ಫೋರಂ, ಕುಲಪತಿ ಹುದ್ದೆ. ಅವರಿಂದ ಆದದ್ದು ನಿಮ್ಮಿಂದ ಯಾಕಾಗದು ಎಂಬ ಪ್ರಶ್ನೆ. ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಉತ್ತರ ಅಲ್ಲೇ ಇದೆ. ಅಮೆರಿಕದ ಓಹಾಯೊದಲ್ಲಿ ಪಿಎಚ್.ಡಿ. ಮುಗಿದದ್ದು 1960ರಲ್ಲಿ, ಸೈನ್ಸ್ ಫೋರಂ ಹುಟ್ಟಿದ್ದು 1962ರಲ್ಲಿ, ಕುಲಪತಿಯಾಗಿದ್ದು 1972ರಿಂದ 1977ರವರೆಗೆ. ಒಂದು ದೊಡ್ಡ ಕೆಲಸ ಮುಗಿದ ಮೇಲೆ ಇನ್ನೊಂದು. ಮೇಲಾಗಿ ಅವರು ಮದುವೆಯಾಗದೆ ಹಾಸ್ಟೆಲಿನ ಕೋಣೆಯಲ್ಲಿ ಬದುಕಿದವರು. ಮನೆವಾರ್ತೆ ಹೊತ್ತುಕೊಂಡು ಪ್ರಬಂಧ ಬರೆಯುವ ಹೆಂಗಸಿಗೆ ಆ ಉದಾಹರಣೆ ಗೌರವ ಹುಟ್ಟಿಸುತ್ತದೆ, ದಾರಿ ತೋರಿಸುವುದಿಲ್ಲ.

ನನ್ನ ಜೊತೆ ಹೆಸರು ಬರೆಸಿದ ಹಲವರು ಪ್ರಬಂಧ ಮುಗಿಸಲೇ ಇಲ್ಲ. ಅವರು ಸೋಮಾರಿಗಳಲ್ಲ. ತರಗತಿ ತಪ್ಪಿಸಿದವರಲ್ಲ, ಕ್ಯಾಸೆಟ್ ತಡಮಾಡಿದವರೂ ಅಲ್ಲ. ತರಗತಿಯಲ್ಲಿ ಅರವತ್ತು ಹುಡುಗರು ಕಾಯುತ್ತಿರುತ್ತಾರೆ. ಕ್ಯಾಸೆಟ್ಟಿಗೆ ಪರೀಕ್ಷೆ ಹತ್ತಿರ ಬಂದ ಹುಡುಗ ಕಾಯುತ್ತಿರುತ್ತಾನೆ. ಮನೆಪಾಠಕ್ಕೆ ಕಾಫಿ ಸೋಸಿಟ್ಟು ತಾಯಿ ಕಾಯುತ್ತಿರುತ್ತಾಳೆ. ಪ್ರಬಂಧದ ಮೂರನೇ ಅಧ್ಯಾಯಕ್ಕೆ ಯಾರೂ ಕಾಯುವುದಿಲ್ಲ. ನಿದ್ದೆಗೂ ಅಷ್ಟೇ. ಎದುರು ಯಾರೋ ಕಾಯುವ ಕೆಲಸ ಆಗುತ್ತದೆ, ಕಾಯದ ಕೆಲಸ ಹಿಂದೆ ಬೀಳುತ್ತದೆ. ಮದುವೆಯಾಗಿ ಕೂಸು ಬಂದ ಗೆಳತಿಯರ ಮನೆಯಲ್ಲಿ ಕಾಯುವವರ ಸಂಖ್ಯೆ ಇನ್ನೂ ಹೆಚ್ಚಿತು. ಮಹಿಳೆಯರಿಗೆ ಎರಡು ವರ್ಷ ಹೆಚ್ಚು ಅವಧಿ, 240 ದಿನದವರೆಗೆ ಹೆರಿಗೆ ರಜೆ ಎಂದು ಯು.ಜಿ.ಸಿ.ಯ 2022ರ ನಿಯಮಾವಳಿಯಲ್ಲಿದೆ. ನನ್ನ ಗೆಳತಿಯರಿಗೆ ಅದು ತಡವಾಗಿ ಬಂತು.

ಈಗಿನ ಹುಡುಗಿಯ ವಿಚಾರಕ್ಕೆ ಬರೋಣ. ಜೆ.ಆರ್.ಎಫ್. ಈಗ 37,000. ಇವಳಿಗೂ ಅದು ಸಿಕ್ಕಿಲ್ಲ. ಅರೆಕಾಲಿಕವಾಗಿ ನೋಂದಾಯಿಸಿಕೊಂಡು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಳೆ. 2022ರ ಜನವರಿಯಲ್ಲಿ ಗೌರವಧನ ಏರಿದಾಗ ಅದರ ಜೊತೆಗೇ ವಾರಕ್ಕೆ 15 ಗಂಟೆಯ ಕಾರ್ಯಭಾರವೂ ಬಂತು. ಒಬ್ಬರಿಗೆ ಹೆಚ್ಚು ಗಂಟೆ ಎಂದರೆ ಇನ್ನೊಬ್ಬರಿಗೆ ಕೆಲಸವಿಲ್ಲ ಎಂದೇ ಅರ್ಥ. ಹಾಗಾಗಿ ಕೆಲಸ ಉಳಿದವರು ದೂರುವುದಿಲ್ಲ. ನಡುವೆ 2021ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯ ಬಂತು, 2024ರಲ್ಲಿ ಅದು ಹೋಗಿ ಮೂರು ವರ್ಷದ ಪದವಿ ಮರಳಿತು. ಪ್ರತಿ ಸಲ ನೋಟ್ಸ್ ಹೊಸದಾಗಿ ಬರೆದದ್ದು ಇವಳೇ.

ಸೌಕರ್ಯ ಹೆಚ್ಚಿರುವುದು ಸುಳ್ಳಲ್ಲ. ಪೆನ್ಸಿಲಿನಲ್ಲಿ ನಕಲು ಮಾಡಿಕೊಂಡ ನನ್ನ ಕೈಬೆರಳಿನ ಗಂಟು ಇವಳಿಗಿಲ್ಲ. ಫೋಟೊ ತೆಗೆಯಲು ಬಿಟ್ಟ ಕಡೆ ಒಂದು ಮಧ್ಯಾಹ್ನಕ್ಕೆ ನನ್ನ ಒಂದು ತಿಂಗಳ ಕೆಲಸ ಆಗುತ್ತದೆ. ನನ್ನ ಪಾರ್ಕಿನ ಮರಗಳಿಗೆ 2009ರಲ್ಲಿ ಮೆಟ್ರೊಗಾಗಿ ಕೊಡಲಿ ಬಿತ್ತು. ಜನ ಬೀದಿಗಿಳಿದು ಪ್ರತಿಭಟಿಸಿದರು. ಆ ಮೆಟ್ರೊ 2017ರಲ್ಲಿ ಯಲಚೇನಹಳ್ಳಿಗೆ ಮುಟ್ಟಿತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಆರಂಭವಾದ ಮೇಲೆ ಬಿ.ಟಿ.ಎಂ.ನಿಂದ ಆರ್.ವಿ. ರಸ್ತೆಗೆ ಬರುವುದು ಸುಲಭವಾಯಿತು. ಉಳಿದ ವೇಳೆಯನ್ನು ಏನು ಮಾಡುತ್ತೀಯ ಎಂದು ಕೇಳಿದೆ.

"ಇನ್ನೊಂದು ಕೋಚಿಂಗ್‌ನಲ್ಲಿ ಆನ್‌ಲೈನ್ ಕ್ಲಾಸ್ ಒಪ್ಕೊಂಡೆ ಮೇಡಂ," ಅಂದಳು.

ಇವಳ ಪಿ.ಜಿ.ಗೆ ಬೀಗವಿಲ್ಲ, ಓದುವ ಕಡತಗಳು ಲ್ಯಾಪ್‌ಟಾಪಿನಲ್ಲೇ ಇವೆ, ಬೇಕೆಂದರೆ ರಾತ್ರಿಯಿಡೀ ತೆರೆದಿರುವ ಬಾಡಿಗೆ ರೀಡಿಂಗ್ ರೂಮುಗಳಿವೆ. ಯಾರೂ ಇವಳನ್ನು ಏಳು, ಮನೆಗೆ ಹೋಗು ಎನ್ನುವುದಿಲ್ಲ. ಕಾಲೇಜಿನ ವಾಟ್ಸ್ಆ್ಯಪ್ ಗ್ರೂಪು ಮಾತ್ರ ರಾತ್ರಿ ಹತ್ತಕ್ಕೂ ಇವಳಿಗಾಗಿ ಕಾಯುತ್ತಿರುತ್ತದೆ.

ಶನಿವಾರದ ಸೇವೆಯ ಸ್ವರೂಪ ಬದಲಾಗಿದೆ. ಈಗ ಕಂಪ್ಯೂಟರೇ ಕನ್ನಡ ಓದುತ್ತದೆ, ಪಠ್ಯ ಯೂನಿಕೋಡಿನಲ್ಲಿದ್ದರೆ. ಹಳೆಯ ನುಡಿ ಫಾಂಟಿನ ಕಡತಗಳನ್ನು ಪರಿವರ್ತಿಸಬೇಕು, ಸ್ಕ್ಯಾನ್ ಮಾಡಿದ ಪುಟಗಳಲ್ಲಿ ಕೆಟ್ಟ ಒತ್ತಕ್ಷರಗಳನ್ನು ಸರಿಮಾಡಬೇಕು. ಭೂಪಟವನ್ನು ಇವಳೂ ಬಾಯಲ್ಲೇ ಹೇಳುತ್ತಾಳೆ. ಪರೀಕ್ಷೆ ಬಂದಾಗ ಸ್ಕ್ರೈಬ್, ಅಂದರೆ ಅಂಧ ವಿದ್ಯಾರ್ಥಿ ಹೇಳಿದ ಉತ್ತರವನ್ನು ಬರೆಯುವವರನ್ನು, ಹುಡುಕುವ ಕೆಲಸ. ಸ್ಕ್ರೈಬ್‌ಗೆ ವಿದ್ಯಾರ್ಹತೆಯ ಮಿತಿ ಹಾಕಬಾರದು ಎಂದು 2013ರಲ್ಲಿ ಕೇಂದ್ರ ಸರ್ಕಾರ ಹೇಳಿತ್ತು. 2018ರಲ್ಲಿ, ಅಭ್ಯರ್ಥಿ ತಾನೇ ಕರೆತಂದರೆ ಒಂದು ಹಂತ ಕೆಳಗೆ ಓದಿದವರಾಗಿರಬೇಕು ಎಂದಿತು. ಎಂ.ಎ. ಮುಗಿಸಿದ ಇವಳು ಅಲ್ಲಿ ಕೂರುವಂತಿಲ್ಲ. ಪಿ.ಯು.ಸಿ. ಓದಿದ, ನಾಲ್ಕು ಗಂಟೆ ಬಿಡುವಿರುವ ಯಾರನ್ನಾದರೂ ಒಪ್ಪಿಸಬೇಕು, ಏಕೆಂದರೆ ಗಂಟೆಗೆ 20 ನಿಮಿಷ ಹೆಚ್ಚುವರಿ ವೇಳೆ ಸೇರಿದರೆ ಮೂರು ಗಂಟೆಯ ಪತ್ರಿಕೆ ನಾಲ್ಕಾಗುತ್ತದೆ.

ಇವಳಿಗೆ ನಾನು ಸಮತೋಲನದ ಉಪದೇಶ ಮಾಡಿಲ್ಲ. ಕೋಚಿಂಗ್ ಬಿಡು ಎನ್ನಲು ಅವಳ ಪಿ.ಜಿ. ಬಾಡಿಗೆ ಕೊಡುವವಳು ನಾನಲ್ಲ. ಮಾಡಿರುವುದು ಒಂದೇ: ಪ್ರತಿ ಮಂಗಳವಾರ ಹನ್ನೊಂದು ಗಂಟೆಗೆ ನಾಲ್ಕು ಪುಟ ತರಬೇಕು, ಕೆಟ್ಟದಾಗಿದ್ದರೂ ಸರಿ. ಆ ಹೊತ್ತಿಗೆ ಬೇರೆ ಕೆಲಸ ಇಟ್ಟುಕೊಳ್ಳದೆ ನಾನು ಮೇಜಿನ ಮುಂದೆ ಕೂತಿರುತ್ತೇನೆ. ಬರದಿದ್ದರೆ ಫೋನ್ ಮಾಡುತ್ತೇನೆ. ಮೂರನೇ ಅಧ್ಯಾಯ ಹೀಗೇ ಮುಗಿಯಿತು. ನಿದ್ದೆಗೆ ಇಂಥ ಏರ್ಪಾಡು ನನಗೆ ಹೊಳೆದಿಲ್ಲ.

ಮಾರ್ಚ್ ತಿಂಗಳಲ್ಲಿ ನಮ್ಮ ಮಾತಿನ ನಡುವೆ ಅವಳ ಫೋನ್ ಬಡಿದುಕೊಳ್ಳುತ್ತಲೇ ಇರುತ್ತದೆ. ನಾಳೆಯ ಪರೀಕ್ಷೆಗೆ ಸ್ಕ್ರೈಬ್ ಬೇಕು ಎಂಬ ಕರೆಯಾದರೆ ಎತ್ತು ಅನ್ನುತ್ತೇನೆ. ಕಾಲೇಜಿನ ಗ್ರೂಪಿನದಾದರೆ ಹನ್ನೆರಡಕ್ಕೆ ನೋಡಿದರಾಯಿತು.