ಬನಾರಸೀದಾಸರ ಲೆಕ್ಕದ ಪುಸ್ತಕ

ವ್ಯಾಪಾರಸ್ಥ ಶ್ರಾವಕನ ಮನೆಯಲ್ಲಿ ಎರಡು ಬಗೆಯ ಪುಸ್ತಕಗಳಿರುತ್ತವೆ. ಒಂದು, ಜಮಾ-ಖರ್ಚು ಬರೆಯುವ ಲೆಕ್ಕದ ಪುಸ್ತಕ. ಇನ್ನೊಂದು, ಸ್ವಾಧ್ಯಾಯಕ್ಕೆಂದು ವ್ಯಾಸಪೀಠದ ಮೇಲಿರಿಸುವ ಶಾಸ್ತ್ರ. ಮೊದಲನೆಯದರಲ್ಲಿ ಒಂದು ಕಾಸು ತಪ್ಪಿದರೂ ಆತನಿಗೆ ನಿದ್ದೆ ಬಾರದು. ಎರಡನೆಯದರ ಮುಂದೆ ಕುಳಿತು ತನ್ನ ನಡತೆಯ ಲೆಕ್ಕವನ್ನು ಅಷ್ಟೇ ಕಟ್ಟುನಿಟ್ಟಾಗಿ ನೋಡುವವರು ವಿರಳ. ಅಂತಹ ವಿರಳರಲ್ಲಿ ಒಬ್ಬರು ಆಗ್ರಾ ನಗರದ ಜೈನ ವ್ಯಾಪಾರಿಯೂ ಕವಿಯೂ ಆಗಿದ್ದ ಬನಾರಸೀದಾಸರು. ಅವರು 1641ರಲ್ಲಿ, ತಮ್ಮ 55ನೆಯ ವಯಸ್ಸಿನಲ್ಲಿ, 'ಅರ್ಧಕಥಾನಕ' ಎಂಬ ಆತ್ಮಕಥೆಯನ್ನು ಪದ್ಯರೂಪದಲ್ಲಿ ರಚಿಸಿದರು. ಮನುಷ್ಯನ ಪೂರ್ಣಾಯುಷ್ಯ 110 ವರ್ಷಗಳೆಂದು ಎಣಿಸಿ, ಇದು ಅರ್ಧಾಯುಷ್ಯದ ಕಥೆಯೆಂದು ಅದಕ್ಕೆ ಆ ಹೆಸರನ್ನಿಟ್ಟರು. ಅರಸರ ಪ್ರತಾಪ ಅದರ ವಸ್ತುವಲ್ಲ. ಒಂದು ಮನೆ, ಒಂದು ಅಂಗಡಿ, ಕೆಲವರು ಸ್ನೇಹಿತರು, ಕೆಲವು ಗ್ರಂಥಗಳು, ಇಷ್ಟೇ ಅದರ ಪ್ರಪಂಚ.

ಬನಾರಸೀದಾಸರು ಹುಟ್ಟಿದ್ದು 1586ರಲ್ಲಿ, ಜೌನಪುರದ ಶ್ರೀಮಾಲ ವಂಶದ ಶ್ವೇತಾಂಬರ ಮನೆಯಲ್ಲಿ. ತಂದೆ ಖರಗಸೇನರು ರತ್ನವ್ಯಾಪಾರಿಗಳು. ಮಗುವಿಗೆ ಮೊದಲು ಇಟ್ಟ ಹೆಸರು ವಿಕ್ರಮಾಜೀತ. ತಂದೆತಾಯಿಗಳು ಕಾಶಿಯ ಪಾರ್ಶ್ವನಾಥ ಜಿನಾಲಯಕ್ಕೆ ಹೋದಾಗ ಅಲ್ಲಿಯ ಅರ್ಚಕನು ಧ್ಯಾನಸ್ಥನಾದಂತೆ ನಟಿಸಿ, ಭಗವಂತನ ಜನ್ಮಸ್ಥಳದ ಹೆಸರನ್ನೇ ಶಿಶುವಿಗೆ ಇಡಬೇಕೆಂದು ಯಕ್ಷನ ಅಪ್ಪಣೆಯಾಗಿದೆಯೆಂದನು. ಹೀಗೆ ವಿಕ್ರಮಾಜೀತನು ಬನಾರಸಿಯಾದನು. ತಮ್ಮ ಹೆಸರಿನ ಮೂಲದಲ್ಲಿಯೇ ಒಂದು ಕಪಟವಿದ್ದುದನ್ನು ಕವಿ ಮರೆಮಾಚಲಿಲ್ಲ. ಸತ್ಯವನ್ನು ಬರೆಯುವವನಿಗೆ ಇದೊಂದು ಒಳ್ಳೆಯ ಆರಂಭವೇ ಸರಿ.

ಹದಿನಾಲ್ಕನೆಯ ವಯಸ್ಸಿಗೆ ಅವರು ನಾಮಮಾಲೆ, ಜ್ಯೋತಿಷ, ಅಲಂಕಾರಗಳನ್ನು ಕಲಿತರು; ಜೊತೆಯಲ್ಲಿಯೇ ಶೃಂಗಾರದ ಗ್ರಂಥವನ್ನೂ ಓದಿದರು. ಓದು ಒಂದು ಕಡೆ, ಪ್ರಣಯದ ಹುಚ್ಚು ಇನ್ನೊಂದು ಕಡೆ. ಅದಕ್ಕಾಗಿ ತಂದೆಯ ಪೆಟ್ಟಿಗೆಯಿಂದ ಮಾಣಿಕ್ಯಗಳನ್ನು ಕದ್ದುದನ್ನೂ ಅವರೇ ಬರೆದಿದ್ದಾರೆ. ಆ ದಿನಗಳಲ್ಲಿ ಸುಮಾರು ಸಾವಿರ ಪದ್ಯಗಳ ಶೃಂಗಾರಪ್ರಧಾನ ಕೃತಿಯೊಂದನ್ನು ರಚಿಸಿದ್ದರು. 1605ರಲ್ಲಿ ಅಕ್ಬರನು ತೀರಿಕೊಂಡ ಸುದ್ದಿ ಜೌನಪುರವನ್ನು ಮುಟ್ಟಿದಾಗ ಮೆಟ್ಟಿಲ ಮೇಲೆ ಕುಳಿತಿದ್ದ ಅವರು ಮೂರ್ಛೆಹೋಗಿ ಬಿದ್ದು ತಲೆಯೊಡೆದುಕೊಂಡರು. ತಾಯಿ ಬಟ್ಟೆಯನ್ನು ಸುಟ್ಟು ಗಾಯಕ್ಕೆ ಕಟ್ಟಿದಳು. ಗಾಯ ಮಾಯಿತು, ಆದರೆ ಮನಸ್ಸು ಮೊದಲಿನಂತೆ ಉಳಿಯಲಿಲ್ಲ. ಒಂದು ದಿನ ಸ್ನೇಹಿತರೊಡನೆ ಗೋಮತೀ ನದಿಯ ಸೇತುವೆಯ ಮೇಲೆ ಕುಳಿತು ತಮ್ಮ ಪುಸ್ತಕವನ್ನು ಓದುತ್ತಿದ್ದಾಗ, ಒಂದು ಸುಳ್ಳಿಗೇ ಪಾಪವುಂಟಾದರೆ ಇಷ್ಟೊಂದು ಕಲ್ಪಿತ ಮಾತುಗಳಿಗೆ ಗತಿಯೇನೆಂಬ ಯೋಚನೆ ಅವರಿಗೆ ಹುಟ್ಟಿತು. ಮರುಕ್ಷಣದಲ್ಲಿ ಇಡೀ ಪುಸ್ತಕವನ್ನು ಹೊಳೆಗೆ ಎಸೆದರು. ಹಾಳೆಗಳು ನೀರಿನಲ್ಲಿ ಚದುರಿಹೋದವು. ಸ್ನೇಹಿತರು ಹಾಯ್ ಹಾಯ್ ಎಂದು ಮರುಗಿದರು.

ಇಷ್ಟಾದ ಮೇಲೆ ಅವರು ಕಥೆಗಳನ್ನೇ ತೊರೆದರೆಂದಲ್ಲ. ಕೆಲವು ವರ್ಷಗಳ ತರುವಾಯ ತಂದೆ ಕೊಟ್ಟ ರತ್ನ, ತುಪ್ಪ, ಎಣ್ಣೆ, ಬಟ್ಟೆಗಳನ್ನು ಮಾರಲು ಆಗ್ರಾಕ್ಕೆ ಹೋದರು. ವ್ಯಾಪಾರದಲ್ಲಿ ನಷ್ಟವಾಯಿತು, ಕೆಲವು ರತ್ನಗಳು ಕಳೆದುಹೋದವು, ಕೈ ಬರಿದಾಯಿತು. ಆಗ ಪೇಟೆಗೆ ಹೋಗುವುದನ್ನು ಬಿಟ್ಟು, ರಾತ್ರಿಯ ಹೊತ್ತು 'ಮಧುಮಾಲತಿ', 'ಮೃಗಾವತಿ' ಎಂಬ ಪ್ರೇಮಕಥೆಗಳನ್ನು ಓದತೊಡಗಿದರು. ಕೇಳಲು ಹತ್ತಿಪ್ಪತ್ತು ಜನ ಸೇರುತ್ತಿದ್ದರು. ಅವರಲ್ಲಿ ಕಚೋರಿ ಮಾರುವವನೊಬ್ಬನಿದ್ದನು. ಬನಾರಸೀದಾಸರು ಅವನಿಂದ ಪ್ರತಿದಿನ ಸಾಲವಾಗಿ ಕಚೋರಿ ಪಡೆದು ಹೊಟ್ಟೆ ಹೊರೆದರು. ಕೊನೆಗೊಂದು ದಿನ, ತಮ್ಮಲ್ಲಿ ಏನೂ ಇಲ್ಲ, ಇನ್ನು ಸಾಲ ಕೊಡಬೇಡವೆಂದು ತಾವೇ ಅವನಿಗೆ ಹೇಳಿದರು. ಆತನಾದರೋ, ಇಪ್ಪತ್ತು ರೂಪಾಯಿಯವರೆಗೂ ತಿನ್ನಬಹುದು, ಚಿಂತೆ ಬೇಡವೆಂದನು. ತಿಂಗಳುಗಟ್ಟಲೆ ಬೆಳೆದ ಆ ಸಾಲ ಒಟ್ಟು 14 ರೂಪಾಯಿ. ಕೈಯಲ್ಲಿ ಹಣ ಬಂದಾಗ ಅದನ್ನು ತೀರಿಸಿದರು. ಈ ಲೆಕ್ಕವೂ ಆತ್ಮಕಥೆಯಲ್ಲಿದೆ. ಆ ಬಡ ವ್ಯಾಪಾರಿಯ ಔದಾರ್ಯ ನಾಲ್ಕು ಶತಮಾನಗಳ ಬಳಿಕವೂ ಉಳಿದಿರುವುದು ಈ ಒಂದು ಬರವಣಿಗೆಯಿಂದ.

ಮನೆಯವರ ಋಣವನ್ನೂ ಅವರು ಹೀಗೆಯೇ ಬರೆದಿಟ್ಟರು. ಸೋತು ಹಿಂದಿರುಗಿ ಖೈರಾಬಾದಿನ ಮಾವನ ಮನೆಗೆ ಬಂದಾಗ, ನಿಜಸ್ಥಿತಿಯನ್ನು ತಿಳಿದ ಪತ್ನಿ ತಾನು ಕೂಡಿಟ್ಟಿದ್ದ 20 ರೂಪಾಯಿಗಳನ್ನು ಗಂಡನ ಕೈಯಲ್ಲಿಟ್ಟಳು. ತನ್ನ ತಾಯಿಗೆ ಗುಟ್ಟಾಗಿ ಹೇಳಿ 200 ರೂಪಾಯಿಗಳನ್ನೂ ಕೊಡಿಸಿದಳು. ಆ ಸಾಧ್ವಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ಶಿಶುವಿನೊಡನೆ ತೀರಿಕೊಂಡಳು. ಆ ವಾರ್ತೆಯನ್ನು ತಂದ ಪತ್ರದಲ್ಲಿಯೇ, ಆಕೆಯ ತಂಗಿಯೊಡನೆ ಅವರ ವಿವಾಹ ನಿಶ್ಚಯವಾದ ಸಂಗತಿಯೂ ಇತ್ತು. ಒಟ್ಟು ಮೂವರು ಪತ್ನಿಯರಿಂದ ಅವರಿಗೆ ಒಂಬತ್ತು ಮಕ್ಕಳಾದರು. ಆತ್ಮಕಥೆಯನ್ನು ಮುಗಿಸುವ ವೇಳೆಗೆ ಒಬ್ಬರೂ ಬದುಕಿ ಉಳಿದಿರಲಿಲ್ಲ. ಇಂತಹ ದುಃಖವನ್ನು ಉಂಡವರು ಲೋಕವನ್ನು ದೂರುವುದು ಸಹಜ. ಬನಾರಸೀದಾಸರ ಬರಹದಲ್ಲಿ ಅಂತಹ ಕಹಿಯಿಲ್ಲ.

ಅವರ ಬಾಳಿನ ನಿಜವಾದ ಪರೀಕ್ಷೆ ಬಂದದ್ದು ದುಃಖದಿಂದಲ್ಲ, ಒಂದು ಪವಿತ್ರ ಗ್ರಂಥದಿಂದ. 1623ರಲ್ಲಿ ಅರಥಮಲ್ಲ ಎಂಬ ಆತ್ಮೀಯರು ಅವರಿಗೆ ಕುಂದಕುಂದಾಚಾರ್ಯರ 'ಸಮಯಸಾರ'ವನ್ನು ರಾಜಮಲ್ಲರ ದೇಶಭಾಷಾ ಟೀಕೆಯ ಸಹಿತ ಓದಲು ಕೊಟ್ಟರು. ಆತ್ಮನು ಸ್ವಭಾವತಃ ಶುದ್ಧನೆಂಬ ನಿಶ್ಚಯನಯದ ಮಾತನ್ನು ಅವರು ಹಿಡಿದರು, ವ್ಯವಹಾರನಯವನ್ನು ಕೈಬಿಟ್ಟರು. ಶುದ್ಧನಿಗೆ ವ್ರತವೇಕೆ, ನಿಯಮವೇಕೆ ಎಂದು ಜಪ, ತಪ, ಸಾಮಾಯಿಕ, ಪ್ರತಿಕ್ರಮಣಗಳನ್ನು ತೊರೆದರು; ದೇವರಿಗೆ ಅರ್ಪಿಸಿದ ನೈವೇದ್ಯವನ್ನೂ ತಿಂದರು. ಮೂವರು ಸ್ನೇಹಿತರು ಜೊತೆಗೂಡಿದರು. ನಾಲ್ವರೂ ಒಂದು ಕೋಣೆಯಲ್ಲಿ ಬಟ್ಟೆ ಕಳಚಿ, ತಾವು ಮುನಿಗಳಾದೆವೆಂದು ಕುಣಿದರು. ಓದಿದ್ದು ಪರಮಾಗಮ, ಫಲಿಸಿದ್ದು ಪರಿಹಾಸ. ಹಿಂದೆ ಹೊಳೆಗೆಸೆದ ಶೃಂಗಾರ ಕಾವ್ಯವೂ ಅವರನ್ನು ಇಷ್ಟು ದಾರಿ ತಪ್ಪಿಸಿರಲಿಲ್ಲ. ಈ ಬಾರಿ ಗ್ರಂಥವನ್ನು ಎಸೆಯಬೇಕಾಗಿರಲಿಲ್ಲ, ತಿಳಿಯಬೇಕಾಗಿತ್ತು. ದೋಷವು ಶಾಸ್ತ್ರದಲ್ಲಿರಲಿಲ್ಲ, ಅದನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಅರ್ಧವೇ ಓದಿದವರಲ್ಲಿತ್ತು.

ಹನ್ನೆರಡು ವರ್ಷಗಳ ಬಳಿಕ, 1635ರಲ್ಲಿ, ಪಂಡಿತ ರೂಪಚಂದರು ಆಗ್ರಾಕ್ಕೆ ಬಂದು ಅಲ್ಲಿಯ ಜಿನಾಲಯದಲ್ಲಿ ಇಳಿದುಕೊಂಡರು. ಅಧ್ಯಾತ್ಮದಲ್ಲಿ ಆಸಕ್ತರಾದ ಶ್ರಾವಕರು ಅವರಿಂದ 'ಗೊಮ್ಮಟಸಾರ'ವನ್ನು ಓದಿಸಿ ಕೇಳಿದರು. ಯಾವ ಗುಣಸ್ಥಾನದಲ್ಲಿ ಎಂತಹ ಜ್ಞಾನ, ಎಂತಹ ಕ್ರಿಯೆ ಎಂಬುದು ಬಿಡಿಬಿಡಿಯಾಗಿ ತಿಳಿದಾಗ ಬನಾರಸೀದಾಸರ ಭ್ರಮೆ ಕಳಚಿತು. ಮೆಟ್ಟಿಲನ್ನು ಏರದೆ ಮಾಳಿಗೆಯಲ್ಲಿರುವೆನೆಂದು ತಿಳಿದ ತಪ್ಪು ಅರಿವಿಗೆ ಬಂದಿತು. ಮರುವರ್ಷವೇ ಅವರು 'ನಾಟಕ ಸಮಯಸಾರ'ವನ್ನು ರಚಿಸಿ, ಯಾವ ಗ್ರಂಥವನ್ನು ತಪ್ಪಾಗಿ ಓದಿದ್ದರೋ ಅದಕ್ಕೇ ಕಾವ್ಯದ ಸೇವೆ ಸಲ್ಲಿಸಿದರು. ಅವರ ಕಣ್ಣು ತೆರೆಸಿದ ಗೊಮ್ಮಟಸಾರ ಹತ್ತನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ್ದು. ಶ್ರವಣಬೆಳಗೊಳದ ಬಾಹುಬಲಿ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ಅವರ ಶಿಷ್ಯ. ಕನ್ನಡ ನಾಡಿನಲ್ಲಿ ಹಚ್ಚಿದ ದೀಪವೊಂದು ಆರು ಶತಮಾನಗಳ ಮೇಲೆ ಯಮುನೆಯ ತೀರದ ವ್ಯಾಪಾರಿಗೆ ದಾರಿ ತೋರಿತು.

ಆತ್ಮಕಥೆಯ ಕೊನೆಯಲ್ಲಿ ಬನಾರಸೀದಾಸರು ತಮ್ಮ ಗುಣಗಳನ್ನೂ ದೋಷಗಳನ್ನೂ ಜಮಾ-ಖರ್ಚಿನಂತೆ ಪಟ್ಟಿ ಮಾಡಿದರು. ಮಧುರವಾಗಿ ಮಾತನಾಡುವುದು, ಕ್ಷಮೆ, ಕಾವ್ಯಶಕ್ತಿ ಇವು ಜಮೆಯ ಕಡೆಗೆ. ಸಂಪತ್ತಿನ ಲೋಭ, ಮನೆಯ ಮೋಹ, ಜಪತಪಗಳಲ್ಲಿ ಆಲಸ್ಯ, ಅತಿಯಾದ ಪರಿಹಾಸ, ಏಕಾಂತದಲ್ಲಿ ಕುಣಿಯುವ ಚಾಪಲ್ಯ, ಇದ್ದಕ್ಕಿದ್ದಂತೆ ಆವರಿಸುವ ಭಯ ಇವು ಖರ್ಚಿನ ಕಡೆಗೆ. ಮನುಷ್ಯರನ್ನು ಉತ್ತಮ, ಮಧ್ಯಮ, ಅಧಮರೆಂದು ವಿಂಗಡಿಸಿ ತಮ್ಮನ್ನು ಮಧ್ಯಮರ ಸಾಲಿನಲ್ಲಿ ಸೇರಿಸಿಕೊಂಡರು. ಜ್ಞಾನ ಬಂದ ಬಳಿಕ ಬರೆದ ಲೆಕ್ಕದಲ್ಲಿಯೂ ಬಾಕಿಯನ್ನು ತೋರಿಸಿದ್ದಾರೆಂಬುದು ಗಮನಾರ್ಹ.

ಪ್ರತಿಕ್ರಮಣವನ್ನು ತೊರೆದವರು ಬರೆದ ಪ್ರತಿಕ್ರಮಣವೇ ಈ ಗ್ರಂಥ. ಮನೆಯಲ್ಲಿ ಶಾಸ್ತ್ರಗಳಿದ್ದರೆ ಸಾಲದು. ಅವುಗಳನ್ನು ಯಾರೊಡನೆ ಓದುತ್ತೇವೆ, ತಿಳಿಯದುದನ್ನು ಯಾರಲ್ಲಿ ಕೇಳುತ್ತೇವೆ ಎಂಬುದು ಮುಖ್ಯ. ಆ ನಾಲ್ವರು ಮುಚ್ಚಿದ ಕೋಣೆಯಲ್ಲಿ ಕೆಟ್ಟರು; ಅವರಲ್ಲೊಬ್ಬರು ತೆರೆದ ಜಿನಾಲಯದಲ್ಲಿ, ತಿಳಿದವರ ಬಳಿ ಹತ್ತು ಜನರ ನಡುವೆ ಕುಳಿತು ತಿದ್ದಿಕೊಂಡರು. ಬಸದಿಯ ಕಪಾಟಿನಲ್ಲಿರುವ ಗ್ರಂಥಗಳಿಗೆ ಧೂಳು ಕೂರದಂತೆ ನೋಡಿಕೊಳ್ಳುವುದು ಆಡಳಿತದವರ ಕರ್ತವ್ಯ. ಅವುಗಳ ಮುಂದೆ ಹತ್ತು ಜನ ಕುಳಿತು ಓದುವಂತೆ ಮಾಡುವುದು ಅದಕ್ಕಿಂತ ದೊಡ್ಡ ಕರ್ತವ್ಯ. ಗೃಹಸ್ಥನಾದರೋ ರಾತ್ರಿ ಅಂಗಡಿಯ ಲೆಕ್ಕ ಮುಗಿಸಿದ ಮೇಲೆ, ದೀಪವನ್ನು ಆರಿಸುವ ಮುನ್ನ, ಇನ್ನೊಂದು ಲೆಕ್ಕಕ್ಕೂ ಒಂದು ಗಳಿಗೆ ಮೀಸಲಿಟ್ಟರೆ ಬನಾರಸೀದಾಸರ ಬರಹ ಸಾರ್ಥಕವಾದೀತು.